ಸ್ಪೇನಿನವರ ಮನೇಲಿ ಹಾಲು ಉಕ್ಕಿಸಿದ್ದು

ಇದನ್ನ ಕಥೆ ಅಂದ್ಕೊಂಡು ಓದ್ಬೇಡಿ. ನನಗೇ ಆಗಿದ್ದು, ಅಕ್ಷರ ಅಕ್ಷರಾನೂ ನಿಜ. "ಅಮ್ಮಾ, ಗ್ರೂಪಲ್ಲಿ ಹಾಕ್ಬೇಡ, ನಗ್ತಾರೆ" ಅಂದ್ಲು ಮಗಳು ರಶ್ಮಿ. ನಗ್ಲಿ ಬಿಡಿ, ರಾತ್ರಿ ಬಾತ್‌ರೂಮಿಗೆ ಒಬ್ರೇ ಹೋಗೋವಾಗ ಗೊತ್ತಾಗುತ್ತೆ. ಫೋನಲ್ಲಿ ಕನ್ನಡ ಒತ್ತೋದು ಈಗಷ್ಟೇ ಕಲ್ತಿದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊಳಿ.

ಮಗಳ ಮನೆ ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್‌ನಲ್ಲಿ. ಹೋದ ಜೂನಲ್ಲಿ ಲಾಂಗ್ ವೀಕೆಂಡ್ ಅಂತ ಅಳಿಯ ಹಳ್ಳಿ ಕಡೆ ಒಂದು ಹಾಲಿಡೇ ಅಪಾರ್ಟ್‌ಮೆಂಟ್ ಬುಕ್ ಮಾಡಿದ್ರು. ಎರಡು ಗಂಟೆ ದಾರಿ. ಸುತ್ತ ಗೋಧಿ ಹೊಲ, ಒಂದು ನರಪಿಳ್ಳೆ ಇಲ್ಲ. ಯಾವ ಕಾಲದಲ್ಲೋ ಸ್ಪೇನಿಂದ ಬಂದೋರು ತಮ್ಮೂರಿನ ಥರಾನೇ ಕಟ್ಟಿಸಿದ್ದಂತೆ... ಸುಣ್ಣದ ಗೋಡೆ, ಕೆಂಪು ಹೆಂಚು, ನಡುವೆ ಅಂಗಳ. ಕೆಳಗಡೆ ನಾವು. ಮೇಲ್ಗಡೆಗೆ ಬೀಗ.

ನಂಗೆ ಚೇಷ್ಟೆ ಜಾಸ್ತಿ. "ಹೊಸ ಮನೆಗೆ ಕಾಲಿಟ್ಟಿದೀವಿ, ಹಾಲು ಉಕ್ಕಿಸ್ಬೇಡ್ವೇನೇ?" ಅಂದೆ.

"ಎರಡು ರಾತ್ರಿಗೆ ಯಾರಮ್ಮ ಗೃಹಪ್ರವೇಶ ಮಾಡ್ತಾರೆ!" ರಶ್ಮಿ ನಕ್ಲು.

ಮಾಡೇಬಿಟ್ಟೆ. ತಂದಿದ್ದ ಹಾಲೆಲ್ಲ ಪಾತ್ರೆಗೆ ಸುರಿದು ಉಕ್ಕಿಸ್ದೆ. ಸ್ಟೌಗೆ ಅರಿಶಿನ ಕುಂಕುಮ ಇಟ್ಟು, "ಇನ್ಮೇಲೆ ಇದು ನಮ್ಮನೆ, ಎಲ್ರೂ ಇಲ್ಲೇ ಸುಖವಾಗಿರೋಣ" ಅಂತ ಕೈ ಮುಗಿದೆ. ಐದು ವರ್ಷದ ಮೊಮ್ಮಗಳು ಅನ್ವೀನೂ ಕೈ ಮುಗಿದ್ಲು.

ಆಗಲೇ ಮೇಲ್ಗಡೆ ಕುರ್ಚಿ ಎಳೆದ ಸದ್ದು... ಯಾರೋ ಎದ್ದ ಹಾಗೆ.

ಇಲಿ ಅಂದ್ಕೊಂಡು ಸುಮ್ನಾದೆ.

ಉಕ್ಕಿ ಹೋಗಿ ಮಗೂಗೂ ಹಾಲಿಲ್ಲ. ಮಗಳು ಅಳಿಯ ಸರ್ವೋಗೆ, ಅದೇ ಪೆಟ್ರೋಲ್ ಬಂಕಿಗೆ, ಹೋಗಿ ತರ್ತೀವಿ ಅಂತ ಹೊರಟ್ರು. ಅಲ್ಲಿ ಜೂನ್ ಅಂದ್ರೆ ಚಳಿಗಾಲ, ಸಂಜೆ ಕಾಫಿ ಹೊತ್ತಿಗೇ ಕಗ್ಗತ್ತಲು. ಮನೇಲಿ ನಾನು, ಅನ್ವಿ, ಇಬ್ರೇ.

ಕಾರಿನ ಸದ್ದು ಮಾಯ ಆಯ್ತು. ಆಮೇಲೆ ವಾಸನೆ ಬಂತು... ಒದ್ದೆ ಕಂಬಳಿದು, ಎಣ್ಣೇಲಿ ಬೆಳ್ಳುಳ್ಳಿ ಸೀದಿದ್ದು. ನಮ್ಮ ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ರೂಮಲ್ಲಿ ಅನ್ವಿ ಪಿಸುಗುಡ್ತಿದ್ಲು. "ನೋ... ವಿ ಗೋ ಹೋಮ್ ಆನ್ ಮಂಡೇ."

"ಯಾರ ಜೊತೆ ಪುಟ್ಟಿ ಮಾತು?"

"ದಿಸ್ ಲೇಡಿ, ಅಜ್ಜಿ. ಶಿ ಸೇಸ್ ವಿ ಲಿವ್ ಹಿಯರ್ ನೌ."

ಲೈಟ್ ಹಾಕ್ದೆ. ಮಂಚದ ಮೇಲೆ ಮಗು ಒಂದೇ. ಬಲಗೈ ಮಾತ್ರ ಗೋಡೆ ಕಡೆ ಚಾಚಿತ್ತು... ಯಾರೋ ಹಿಡ್ಕೊಂಡ ಹಾಗೆ. ಬೆರಳೆಲ್ಲ ಬೆಳ್ಳಗಾಗಿತ್ತು.

"ಬಾ ಪುಟ್ಟಿ, ಆಚೆ ಹೋಗೋಣ."

"ಐ ಕಾಂಟ್... ಶಿ ವೋಂಟ್ ಲೆಟ್ ಗೋ!"

ಎಳೆದೆ. ಬರ್ಲಿಲ್ಲ. ಆ ಕಡೆಯಿಂದ್ಲೂ ಎಳೀತಿದ್ರು ರೀ! ಇನ್ನೊಂಚೂರು ಜಗ್ಗಿದ್ರೆ ಮಗು ತೋಳೇ ಕಿತ್ತು ಬರುತ್ತೇನೋ...

ನನ್ನ ಬಾಯಿ ಯಾವತ್ತು ನಿಂತಿದೆ? ಸ್ಪೇನಿನೋಳಾದ್ರೇನು, ಹೆಂಗಸು ತಾನೆ ಅಂತ ಕನ್ನಡದಲ್ಲೇ ಶುರು ಹಚ್ಕೊಂಡೆ.

"ನೋಡಮ್ಮಾ ತಾಯಿ, ಹಾಲು ಉಕ್ಸಿದ್ದು ನಾನು. ಮಗುದೇನೂ ತಪ್ಪಿಲ್ಲ, ಅದನ್ನ ಬಿಟ್ಬಿಡು. ಒಬ್ಳೇ ಇದ್ದು ಬೇಜಾರಾಗಿದ್ರೆ... ನನ್ನ ಜೊತೆ ಬಾ. ನಮ್ಮ ಯಜಮಾನ್ರು ಹೋದ್ಮೇಲೆ ನಂಗೂ ಯಾರಿಲ್ಲ ಮಾತಿಗೆ."

ಬಾಯ್ತಪ್ಪಿ ಬಂದಿದ್ದಲ್ಲ ಅದು. ಮಗು ಬಿಟ್ರೆ ಸಾಕಿತ್ತು ನಂಗೆ.



ಅನ್ವಿ ಕೈ ಪಟ್ಟಂತ ಸಡಿಲ ಆಯ್ತು. ಎತ್ಕೊಂಡು ಬರಿಗಾಲಲ್ಲೇ ಅಂಗಳ ದಾಟಿ ಗೇಟಿನವರ್ಗೂ ಓಡ್ದೆ. ಕಾರಿನ ಲೈಟ್ ಕಾಣೋವರ್ಗೂ ಅಲ್ಲೇ ನಿಂತಿದ್ವಿ. ಮಗು ಮಣಿಕಟ್ಟಲ್ಲಿ ಬೆರಳಿನ ಗುರುತು ನೋಡಿ ಅಳಿಯ ತಕ್ಷಣ ಬ್ಯಾಗೆಲ್ಲ ಡಿಕ್ಕಿಗೆ ತುಂಬಿದ್ರು. ಆ ರಾತ್ರೀನೇ ಹೊರಟ್ವಿ.

ಅನ್ವಿ ಈಗ ಆರಾಮಾಗಿದಾಳೆ. ಏನೂ ನೆನಪಿಲ್ವಂತೆ. ಅಷ್ಟು ಸಾಕು.

ಮೊನ್ನೆ ಪರ್ತ್ ಸಿಟೀಲಿ ಫ್ರೀ ಬಸ್ ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಹಾಡುಹಗಲು, ಬಸ್ ತುಂಬಾ ಜನ, ಎಷ್ಟೋ ಜನ ನಿಂತೇ ಇದ್ರು. ನನ್ನ ಪಕ್ಕದ ಸೀಟ್ ಮಾತ್ರ ಖಾಲಿ. ಒಂದು ಹುಡುಗಿ ಕೂರೋಕೆ ಬಂದ್ಲು. ಇನ್ನೇನು ಕೂತೇಬಿಟ್ಲು ಅನ್ನೋವಾಗ ಗಕ್ಕಂತ ನಿಂತು, ಸೀಟ್ ಕಡೆ ನೋಡಿ, "ಓ... ಸಾರಿ" ಅಂದು ಹಿಂದೆ ಸರಿದ್ಲು.

ನಾನು ಕಿಟಕಿ ಆಚೆನೇ ನೋಡ್ತಾ ಕೂತೆ. ನನ್ನ ಸ್ಟಾಪ್ ಬಂತು... ಹೋಯ್ತು. ಇಳೀಬೇಕಂದ್ರೆ ಆ ಸೀಟ್ ದಾಟ್ಕೊಂಡೇ ಹೋಗ್ಬೇಕಲ್ಲ...