ಎಡಗಡೆ ಸೀಟಿನ ಗಾಬರಿ

ಹೋದ ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಒಂದು ಹೆಲಿಕಾಪ್ಟರ್ ಮೂರು ಸಲ ಇಳಿಯಿತು. ಮೊದಲ ಸಲ ಸದ್ದಿಲ್ಲದೆ. ಆಮೇಲಿನ ಎರಡು ಸಲ ‘ಟಣ್’ ಎಂದು.

ಹೆಲಿಕಾಪ್ಟರ್ ಅಂದರೆ ಹೆಸರುಕಾಳಿನ ಪಲ್ಯದ ಸ್ಪೂನು. ಬೆಟ್ಟ ಅಂದರೆ ಮಗುಚಿ ಹಾಕಿದ ಒಂದು ಸ್ಟೀಲ್ ಬಟ್ಟಲು, ನಮ್ಮ ಮಾತಿನಲ್ಲಿ ವಾಟಿ. ವಾಟಿಯ ತಳ ಚಪ್ಪಟೆಯಾಗಿರುತ್ತದಲ್ಲ, ಅದೇ ಹೆಲಿಪ್ಯಾಡ್. ಹಾರಿಸಿದವರು ನಿಜವಾದ ಪೈಲಟ್‌ಗಳು. ಒಬ್ಬಳು ನನ್ನ ಮಗಳು ಸಹನಾ. ಇನ್ನೊಬ್ಬರು ಅವಳ ಮೇಲಧಿಕಾರಿ. ಅವರ ಹೆಸರು ಬೇಡ. ಮಗಳು ಕರೆಯುವಂತೆ ‘ಸರ್’ ಎಂದೇ ಇರಲಿ. (ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸ್ಕ್ವಾಡ್ರನ್ ಯಾವುದು, ಬೆಟ್ಟ ಎಲ್ಲಿಯದು ಎಂದು ಕೇಳಿ ಫೋನ್ ಮಾಡಬೇಡಿ.)

ಸಹನಾ ಸೇನೆಯ ಹೆಲಿಕಾಪ್ಟರ್ ಹಾರಿಸುತ್ತಾಳೆ. ಹುಟ್ಟಿ ಬೆಳೆದದ್ದು ಇಲ್ಲೇ, ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಪಕ್ಕದ ನಮ್ಮ ಸೊಸೈಟಿಯಲ್ಲಿ. ಇಷ್ಟು ದಿನ ಅವಳದು ಎಡಗಡೆ ಸೀಟು, ಅಂದರೆ ಕೋಪೈಲಟ್. ಬಲಗಡೆ ಸೀಟಿನಲ್ಲಿ ಕ್ಯಾಪ್ಟನ್. ಅಲ್ಲಿಗೆ ದಾಟಬೇಕಾದರೆ ಪರೀಕ್ಷೆ ಇದೆ, ಹಿರಿಯರ ವರದಿ ಇದೆ. ಅವಳ ವರದಿ ಬರೆದವರು ಈ ಸರ್. ‘ಹಾರಾಟ ಚೆನ್ನಾಗಿದೆ, ಶಿಸ್ತು ಚೆನ್ನಾಗಿದೆ, ಆದರೆ ಬೇಗ ಗಾಬರಿಯಾಗುತ್ತಾರೆ’ ಎಂದು ಬರೆದಿದ್ದರು. ಆ ಕೊನೆಯ ಮಾತಿಗೆ ಅವಳ ಕ್ಯಾಪ್ಟನ್‌ಗಿರಿ ನಿಂತುಹೋಯಿತು. ಮುಂದಿನ ಪರೀಕ್ಷೆಯವರೆಗೆ ಎಡಗಡೆ ಸೀಟೇ ಗತಿ.

ಯಾಕೆ ಹಾಗೆ ಬರೆದರು? ಅದಕ್ಕೊಂದು ಹಿನ್ನೆಲೆ ಇದೆ.

ಬೆಟ್ಟದ ಮೇಲಿನ ಒಂದು ಸೇನಾ ಠಾಣೆಗೆ ಇಬ್ಬರೂ ರೇಷನ್ ಒಯ್ದಿದ್ದರು. ಸರ್ ಹಾರಿಸುತ್ತಿದ್ದರು, ಸಹನಾ ಪಕ್ಕದಲ್ಲಿದ್ದಳು. ಇಳಿಯುವಾಗ ಹೆಲಿಕಾಪ್ಟರ್ ತೀರ ಕೆಳಗೆ ಬರುತ್ತಿದೆ ಎಂದು ಇವಳಿಗೆ ಅನ್ನಿಸಿತು. ‘ಗೋ ಅರೌಂಡ್’ ಅಂದಳು. ಈಗ ಇಳಿಯುವುದು ಬೇಡ, ಮೇಲೆದ್ದು ಇನ್ನೊಮ್ಮೆ ಬರೋಣ ಎಂದರ್ಥ. ಉತ್ತರವಿಲ್ಲ. ಮತ್ತೊಮ್ಮೆ ಅಂದಳು. ಆಗಲೂ ಇಲ್ಲ. ಬಾಲದ ಕೆಳಗಿನ ಕಂಬಿ ಹೆಲಿಪ್ಯಾಡ್ ಅಂಚಿನ ಕಲ್ಲನ್ನು ಸವರಿತು. ಯಾರಿಗೂ ಏನೂ ಆಗಲಿಲ್ಲ. ಕಂಬಿಯ ಮೇಲೊಂದು ಗೀರು ಬಿತ್ತು, ಅಷ್ಟೆ.

ಹಾರಿ ಬಂದ ಮೇಲೆ ಇವರೆಲ್ಲ ಒಂದು ಕೋಣೆಯಲ್ಲಿ ಕೂತು ನಡೆದದ್ದನ್ನು ಬಿಡಿಸಿ ಮಾತಾಡುತ್ತಾರೆ. ಅದಕ್ಕೆ ಡೀಬ್ರೀಫ್ ಎನ್ನುತ್ತಾರಂತೆ. ಅವಳ ಸ್ಕ್ವಾಡ್ರನ್ನಿನ ಪದ್ಧತಿ ನನಗೆ ಬಹಳ ಹಿಡಿಸಿತು: ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ಹಿರಿಯರು ಮೊದಲು ಬಾಯಿ ಬಿಟ್ಟರೆ ಕಿರಿಯರು ಬರೀ ತಲೆಯಾಡಿಸುತ್ತಾರೆ ಅಂತ. (ನಮ್ಮ ಮನೆಗಳಲ್ಲಿ ಈ ಪದ್ಧತಿ ಇದ್ದಿದ್ದರೆ ಎಷ್ಟು ಮದುವೆಗಳು ತಪ್ಪುತ್ತಿದ್ದವೋ!) ಆ ದಿನ ಸಹನಾ ಮೊದಲು ಮಾತಾಡಿದಳು. ‘ನಾನು ಎರಡು ಸಲ ಕರೆದೆ, ಉತ್ತರ ಬರಲಿಲ್ಲ’ ಎಂದಳು. ಎಲ್ಲರೆದುರು.

ಪದ್ಧತಿ ಗೋಡೆಯ ಮೇಲೆ ಬರೆದದ್ದು. ವರದಿ ಬರೆಯುವುದು ಮನುಷ್ಯ ತಾನೇ?

ಇಷ್ಟನ್ನೂ ರಜೆಗೆ ಬಂದ ಮಗಳು ಒಗೆದ ಬಟ್ಟೆ ಮಡಚುತ್ತ ಹೇಳಿದಳು. ನಾನು ಕೇಳಿಸಿಕೊಂಡೆ. ನನ್ನ ಗಂಡ ಕೇಳಿಸಿಕೊಂಡು ಕೆಲಸಕ್ಕೆ ಇಳಿದರು.

ಅವರು ಧಾರವಾಡದವರು. ಥಾಣೆಯಿಂದ ಪನ್ವೇಲ್‌ವರೆಗೆ ಯಾವ ಆಫೀಸಿನಲ್ಲಿ ಯಾವ ಕನ್ನಡಿಗ ಕೂತಿದ್ದಾನೆ ಎನ್ನುವುದು ಅವರಿಗೆ ಬಾಯಿಪಾಠ. ಸರ್ ವಿಜಯಪುರದ ಕಡೆಯವರು ಎಂದು ತಿಳಿಯಿತು. ಅವರ ಚಿಕ್ಕಮ್ಮ ಕಲ್ಯಾಣದಲ್ಲಿದ್ದಾರೆ, ಅಲ್ಲಿಯ ತೊಟ್ಟಿಲ ಕಾರ್ಯಕ್ಕೆ ಸರ್ ಬಂದಿದ್ದಾರೆ ಎಂದೂ ತಿಳಿಯಿತು. ಮಗಳನ್ನು ಒಂದು ಮಾತೂ ಕೇಳದೆ ನಮ್ಮ ಮನೆಯವರು ಭಾನುವಾರದ ಊಟಕ್ಕೆ ಕರೆದೇಬಿಟ್ಟರು.

“ನಮ್ಮ ಕಡೆಯವ್ರದಾರ. ಒಂದು ರೊಟ್ಟಿ ಊಟ ಹಾಕಿ ಮಾತಾಡಿದ್ರ ಮುಗೀತು. ನೀ ಒಂದು ಸಾರಿ ಅಂದ್ಬಿಡವ್ವಾ. ಬಾಯಿ ಏನು ಸವೀತದೇನು?”

“ಸಾರಿ ಕಶಾಲಾ, ಅಪ್ಪಾ? ಯಾವುದಕ್ಕೆ?” ಇವಳಿಗೆ ಸಿಟ್ಟು ಬಂದರೆ ಮೊದಲು ಮರಾಠಿಯೇ ಬರುವುದು.

“ಯಾವುದಕ್ಕರ ಅನ್ನು. ಅಡ್ಜಸ್ಟ್ ಮಾಡ್ಕೋಬೇಕಾಗ್ತದ.”

ನಾನು ಬದನೆಕಾಯಿ ಸೀಳುತ್ತಿದ್ದೆ. ಒಂದು ಬದನೆಕಾಯಿ ನಾಲ್ಕು ಸೀಳಾಗುವ ಬದಲು ಪೂರ್ತಿ ಎರಡು ಹೋಳಾಯಿತು.

ಸರ್ ಬಂದರು. ಕೆಟ್ಟ ಮನುಷ್ಯ ಎಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಹಾಗಿಲ್ಲ. ಬೂಟು ಬಿಚ್ಚಿ, ಮೂತಿ ಬಾಗಿಲ ಕಡೆ ಮಾಡಿ ಜೋಡಿಸಿಟ್ಟರು. ನಮ್ಮ ಬಾಲ್ಕನಿಯ ತುಳಸಿಗೆ ಬಿಸಿಲು ಸಾಲದು ಎಂದು ತಾವೇ ಕುಂಡ ಸರಿಸಿದರು. ಮಂಜು ಮುಚ್ಚುತ್ತಿದ್ದ ಬೆಟ್ಟದಿಂದ ಜ್ವರದ ಜವಾನನೊಬ್ಬನನ್ನು ಇಳಿಸಿ ತಂದವರು ಇವರೇ ಅಂತೆ. ‘ಗಾಳಿಯನ್ನು ಓದುವುದು ಸರ್‌ನಿಂದ ಕಲಿತೆ’ ಎಂದು ಮಗಳೇ ಎಷ್ಟೋ ಸಲ ಹೇಳಿದ್ದಾಳೆ. ಅದಕ್ಕೇ ಅವಳಿಗೆ ನೋವು. ಗುರುತಿಲ್ಲದವರು ಬರೆದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಪೈಲಟ್‌ಗಳು ಊಟ ಮಾಡುವುದನ್ನು ನೀವು ನೋಡಿದ್ದೀರಾ? ಅವರು ಬಾಯಿಂದ ಮಾತಾಡುವುದೇ ಇಲ್ಲ. ಎರಡೂ ಅಂಗೈ ಹೆಲಿಕಾಪ್ಟರ್ ಆಗಿ ಗಾಳಿಯಲ್ಲಿ ಹಾರುತ್ತಿರುತ್ತವೆ, ಓಲುತ್ತವೆ, ತಿರುಗುತ್ತವೆ. ರೊಟ್ಟಿ ತಣ್ಣಗಾಗುತ್ತದೆ.

ಎಣ್ಣೆಗಾಯಿ ಎರಡನೇ ಸಲ ಬಡಿಸುವಾಗ ನನ್ನ ಗಂಡ ಗಂಟಲು ಸರಿಮಾಡಿಕೊಂಡರು. “ಸಾಹೇಬ್ರ, ಹುಡುಗಿ ಇನ್ನೂ ಸಣ್ಣಾಕಿ. ತಪ್ಪು ತಿಳ್ಕೋಬ್ಯಾಡ್ರಿ. ಸಹನಾ, ಏನೋ ಹೇಳ್ಬೇಕಂದಿದ್ದೆಲ್ಲ, ಹೇಳವಾ.”

ಎಲ್ಲರೂ ಅವಳನ್ನು ನೋಡಿದೆವು.

“ಸರ್, ಆ ದಿನ ನಾನು ಎರಡು ಸಲ ಗೋ ಅರೌಂಡ್ ಅಂದೆ. ನಾಳೆ ಮತ್ತೆ ಹಾಗೇ ಆದ್ರೆ ಮತ್ತೆ ಅಂತೀನಿ. ರಿಪೋರ್ಟ್ ಏನೇ ಇರಲಿ.”

(ಸಹನಾ ಎಂದು ಹೆಸರಿಟ್ಟವರು ಅವಳಪ್ಪ. ಪಾಪ.)

ಸರ್ ನಕ್ಕರು. ಖಾಲಿ ವಾಟಿಯೊಂದನ್ನು ಮಗುಚಿದರು, ಸ್ಪೂನು ಎತ್ತಿಕೊಂಡರು. “ನೋಡ್ರಿ ಕಾಕಾ, ನಿಮಗೂ ತಿಳೀಲಿ. ಇದು ಬೆಟ್ಟ. ನಾವು ಹಿಂಗ ಬಂದಿವಿ.” ಸ್ಪೂನು ವಾಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲಿ ಬಂತು. “ಇಷ್ಟ್ ಮ್ಯಾಲ ಇದ್ದಾಗನ ಈಕಿ ಒದರಾಕ ಹತ್ತಿದ್ಲು. ಇಳದ್ ಮ್ಯಾಲ ಗಾಳಿ ಜಗ್ಗಿ ಬಾಲ ಅಂಚಿನ ಕಲ್ಲಿಗೆ ಒಂದೀಟು ಸವರಿತು. ಅಷ್ಟರಿ.” ಸ್ಪೂನು ವಾಟಿಯ ನಟ್ಟನಡುವೆ ಮೆತ್ತಗೆ ಇಳಿಯಿತು. ಸದ್ದೇ ಇಲ್ಲ.

ಸಹನಾ ಕೈ ಚಾಚಿ ಸ್ಪೂನು ತೆಗೆದುಕೊಂಡಳು. ಅವಳ ಸ್ಪೂನು ಮೇಜಿಗೆ ಅಂಟಿಕೊಂಡ ಹಾಗೆ ತಗ್ಗಿನಲ್ಲಿ ಬಂತು, ವಾಟಿಯ ಹತ್ತಿರ ಏರಲು ನೋಡಿತು. ಹಿಡಿಕೆಯ ತುದಿ ಅಂಚಿಗೆ ಬಡಿಯಿತು. ಟಣ್.

“ಶ್ರೀಖಂಡ ತಗೋರಿ ಸಾಹೇಬ್ರ, ಶ್ರೀಖಂಡ!” ಅಂದರು ನನ್ನ ಗಂಡ, ಬೆಂಕಿ ಹತ್ತಿದಲ್ಲಿ ನೀರು ಹಾಕುವವರ ಹಾಗೆ.

ಇಲ್ಲಿ ನಿಮಗೆ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮ ಸೊಸೈಟಿಯಲ್ಲಿ ನನಗೊಂದು ಅಡ್ಡಹೆಸರಿದೆ: ಗಾಬರಿ ಆಂಟಿ. ಸಂಜೆ ಗಾಳಿ ತಿರುಗಿ ಎಂಐಡಿಸಿ ಕಡೆಯಿಂದ ಮೂಗು ಉರಿಯುವ ವಾಸನೆ ಬಂದರೆ ಮೊದಲು ಫೋನ್ ಮಾಡುವವಳು ನಾನು. ‘ಮ್ಯಾಡಮ್, ಘಾಬರೂ ನಕಾ’, ಗಾಬರಿಯಾಗಬೇಡಿ ಎನ್ನುತ್ತಾರೆ ಸೊಸೈಟಿಯ ಚೇರ್ಮನ್ನರು, ತಮ್ಮ ಕಿಟಕಿ ಮುಚ್ಚುತ್ತಾ.

ಕಾರಿನಲ್ಲೂ ಅದೇ ಕಥೆ. ಕಳಂಬೋಲಿಯಿಂದ ಬರುವಾಗ ಮುಂದೆ ಕಬ್ಬಿಣದ ಸರಳು ತುಂಬಿದ ಟ್ರಕ್ ಇರುತ್ತದೆ. ಸರಳು ಹಿಂದಕ್ಕೆ ಮಾರುದ್ದ ಚಾಚಿ, ತುದಿಗೆ ಒಂದು ಕೆಂಪು ಬಟ್ಟೆಯ ಚೂರು ಕುಣಿಯುತ್ತಿರುತ್ತದೆ. ನಮ್ಮ ಮನೆಯವರಿಗೆ ಆ ಬಟ್ಟೆಯ ಹೊಲಿಗೆ ಕಾಣುವಷ್ಟು ಹತ್ತಿರ ಹೋಗದಿದ್ದರೆ ಸಮಾಧಾನವಿಲ್ಲ. ‘ದೂರ ಇರ್ರಿ’ ಎನ್ನುತ್ತೇನೆ. ‘ನಿನಗ ಎಲ್ಲಾದಕ್ಕೂ ಗಾಬರಿ’ ಎನ್ನುತ್ತಾರೆ. ಬ್ರೇಕ್ ಹಾಕಿದ ಮೇಲೆ ಇಬ್ಬರೂ ಸುಮ್ಮನಾಗುತ್ತೇವೆ.

ನಮ್ಮ ದೇಶದ ಕಾರಿನಲ್ಲಿ ಹೆಂಡತಿಯ ಸೀಟು ಎಡಗಡೆಯದು. ಗಮನಿಸಿದ್ದೀರಾ?

ಏನೂ ಆಗದಿದ್ದರೆ ನಾವು ಗಾಬರಿಯವರು. ಏನಾದರೂ ಆದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಎಂದು ಕೇಳಿಸಿಕೊಳ್ಳುವವರೂ ನಾವೇ. ಸರಿಯಾದ ಸಮಯ ಯಾವುದು ಹಾಗಾದರೆ? ಸರಳು ಗಾಜಿಗೆ ತಾಗಿದ ಮೇಲೆಯೇ?

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದರು: ಅತಿಥಿಯ ಎದುರು ದನಿ ಏರಿಸಬಾರದು. ನಾನು ಏರಿಸಲಿಲ್ಲ. ಶ್ರೀಖಂಡದ ಡಬ್ಬಿ ಕೈಯಲ್ಲೇ ಹಿಡಿದುಕೊಂಡು ಕೇಳಿದೆ, “ನಾ ಒಂದು ಕೇಳ್ಲೇನ್ರೀ? ನಾ ಹೆಲಿಕಾಪ್ಟರ್ ಹತ್ತಿದಾಕಿ ಅಲ್ಲ, ತಪ್ಪಾದ್ರ ಹೇಳ್ರಿ.”

“ಕೇಳ್ರಿ ಕಾಕೂ.”

“ಈಕಿ ಸುಮ್ಮನ ಗಾಬರಿ ಆದ್ಲು ಅಂತೀರಿ. ಸುಮ್ಮನ ಆಗಿದ್ರ, ಬಾಲ ಹೆಂಗ ತಾಗ್ತು? ನೀವು ಇಳಿಸಿದ್ದು ವಾಟಿ ನಟ್ಟನಡುವ. ಗೀರು ಬಿದ್ದಿದ್ದು ಅಂಚಿನ ಕಲ್ಲಿಂದ ಅಂತೀರಿ. ಗಾಳಿ ಬಾಲನ ಅಲ್ಲೀತನಕ ಎಳಕೊಂಡು ಹೋಯ್ತೇನ್ರೀ?”

ನನ್ನ ಗಂಡ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ನೋಟ ಅದೇ ಮೊದಲು.

ಸರ್ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಯ ಅಂಚಿಗೆ ಇಟ್ಟರು. ಬೆರಳು ಒರೆಸಿಕೊಂಡರು. ಸ್ಪೂನನ್ನು ಮಗಳ ತಟ್ಟೆಯ ಪಕ್ಕದಿಂದ ತೆಗೆದುಕೊಂಡು, ಯಾರನ್ನೂ ನೋಡದೆ, ನಿಧಾನವಾಗಿ ಹಾರಿಸಿದರು. ಈ ಸಲ ಅದು ಗೇಣು ಎತ್ತರದಲ್ಲಿ ಬರಲಿಲ್ಲ. ಮಗಳ ಸ್ಪೂನು ಬಂದ ದಾರಿಯಲ್ಲೇ ಬಂತು.

ಟಣ್.

“ಹಿಂಗ ಬಂದಿದ್ವಿರಿ,” ಅಂದರು. ಸ್ಪೂನನ್ನು ವಾಟಿಯ ಪಕ್ಕ ಇಟ್ಟು ಅಂದರು, “ಈಕಿ ಎರಡ್ ಸಲ ಅಂದಿದ್ದು ಖರೇ. ನನಗ ಕೇಳಿಸಿತ್ತು. ಇಳೀತದ, ಬಿಡು ಅನ್ನಿಸ್ತು.”

ನನ್ನ ಗಂಡನ ಮುಖ ಅರಳಿತು. ಕೆಲಸ ಆಯಿತು ಎಂದುಕೊಂಡಿರಬೇಕು. ಅವರ ಪ್ರಕಾರ ಇನ್ನು ಉಳಿದದ್ದು ಶ್ರೀಖಂಡ ಮಾತ್ರ.

“ಅಂದ್ರ ಸಾಹೇಬ್ರ, ಆ ರಿಪೋರ್ಟು...”

“ಅದು ಮ್ಯಾಲ ಹೋಗಿಬಿಟ್ಟದರಿ ಕಾಕಾ.”

“ರಿಪೋರ್ಟ್ ಇರಲಿ ಅಪ್ಪಾ,” ಅಂದಳು ಸಹನಾ. “ಟೆಸ್ಟ್ ನಾನು ಮತ್ತೆ ಕೊಡ್ತೀನಿ. ಬೇರೆಯವರ ಜೊತೆ ಹಾರಿ ತೋರಿಸ್ತೀನಿ.” ಆಮೇಲೆ ಸರ್ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಲೇಕಿನ್ ಸರ್, ಈಗ ಹೇಳಿದ್ದನ್ನ ನನ್ನ ಅಮ್ಮನ ಟೇಬಲ್ ಮೇಲೆ ಹೇಳಿ ಪ್ರಯೋಜನ ಇಲ್ಲ. ಡೀಬ್ರೀಫ್ ರೂಮಲ್ಲಿ ಹೇಳಿ. ಮಾತಾಡಿದ್ದಕ್ಕೆ ನನಗೆ ಏನಾಯ್ತು ಅಂತ ಅಲ್ಲಿ ಜೂನಿಯರ್ಸ್ ಎಲ್ಲಾ ನೋಡಿದ್ದಾರೆ. ನಾಳೆ ನಿಮ್ಮ ಎಡಗಡೆ ಅವರಲ್ಲೇ ಒಬ್ಬರು ಕೂತಿರ್ತಾರೆ. ಗೋ ಅರೌಂಡ್ ಅನ್ನೋಕೆ ಬಾಯಿ ತೆಗೀತಾರಾ?”

ಸರ್ ಮಗುಚಿದ್ದ ವಾಟಿಯನ್ನು ನೆಟ್ಟಗೆ ಮಾಡಿ ಇಟ್ಟರು.

ಆಗ ನನಗೆ ತಿಳಿಯಿತು. ನಾನು ಮಗಳ ಪರವಾಗಿ ವಾದಿಸುತ್ತಿದ್ದೆ. ಮಗಳು ವಾದಿಸುತ್ತಿದ್ದದ್ದು ನಾಳೆ ಆ ಎಡಗಡೆ ಸೀಟಿನಲ್ಲಿ ಕೂರುವ ಯಾರದೋ ಮಕ್ಕಳಿಗಾಗಿ. ಮತ್ತು ಬಲಗಡೆ ಕೂರುವ ಸರ್‌ಗಾಗಿ. ಕರೆಯುವವರು ಸುಮ್ಮನಾದ ದಿನ ಬೆಟ್ಟಕ್ಕೆ ಬಡಿಯುವುದು ಒಂದೇ ಸೀಟಲ್ಲವಲ್ಲ.

ಸರ್ ಶ್ರೀಖಂಡ ಪೂರ್ತಿ ಮಾಡಿದರು. ತಟ್ಟೆಯನ್ನು ತಾವೇ ಸಿಂಕಿಗೆ ಒಯ್ದಿಟ್ಟರು. ಬಾಗಿಲಲ್ಲಿ ಬೂಟು ಕಟ್ಟುತ್ತ, ತಲೆ ಎತ್ತದೆ, “ಮುಂದಿನ ಸೋಮವಾರ ಡ್ಯೂಟಿ ಮ್ಯಾಲ ಹೋಗ್ತೀನಿ. ನೋಡ್ತೀನಿ,” ಎಂದರು.

ಅವರು ಹೋದ ಮೇಲೆ ನನ್ನ ಗಂಡ ಸೋಫಾದಲ್ಲಿ ಕುಸಿದರು. “ಮನೀಗೆ ಬಂದವರನ್ನ ಹಿಂಗ ಕೇಳೂದೇನ? ಇನ್ನ ಆಕಿ ಕ್ಯಾಪ್ಟನ್ ಆಗೂದು ಅದ ಅಂತೀಯೇನು?”

“ಆಗದಿದ್ರ ಬ್ಯಾಡ ಬಿಡ್ರಿ,” ಅಂದೆ. “ಬಾಯಿ ಮುಚ್ಚಿಕೊಂಡು ಬಲಗಡೆ ಕೂಡೂದಕ್ಕಿಂತ ಬಾಯಿ ತಗದು ಎಡಗಡೆ ಕೂಡ್ಲಿ.”

ಹೇಳಿದ ಮೇಲೆ ನನಗೇ ಒಂದು ಕ್ಷಣ ಗಾಬರಿಯಾಯಿತು. (ಹೌದು, ಆಯಿತು. ಏನೀಗ?) ಮಗಳು ಅಡುಗೆಮನೆಯಿಂದ ನಗುವುದು ಕೇಳಿಸಿತು.

ಸಂಜೆ ಮೂವರೂ ಕಲ್ಯಾಣದ ಕಡೆ ಹೊರಟೆವು. ಶಿಳ್‌ಫಾಟಾ ರಸ್ತೆಯಲ್ಲಿ ಮುಂದೆ ಅದೇ ಸರಳಿನ ಟ್ರಕ್, ಅದೇ ಕೆಂಪು ಬಟ್ಟೆ. ಯಜಮಾನರು ಹತ್ತಿರ ಹೋದರು. ನಾನು ‘ದೂರ ಇರ್ರಿ’ ಅಂದೆ. ಉತ್ತರವಿಲ್ಲ. ಎರಡನೇ ಸಲ ಅಂದೆ. ಹಿಂದಿನ ಸೀಟಿನಿಂದ ಮಗಳ ಕೆಮ್ಮು ಕೇಳಿತು. ಕಾರು ನಿಧಾನವಾಗಿ ಹಿಂದೆ ಸರಿಯಿತು. ಅಡ್ಜಸ್ಟ್ ಆಗುವುದು ಬಲಗಡೆ ಸೀಟಿಗೂ ಬರುತ್ತದೆ, ನೋಡಿ.

ಈ ಬರಹ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಆ ಸೋಮವಾರ ಕಳೆದಿರುತ್ತದೆ. ಸರ್, ನೀವೂ ಇದನ್ನು ಓದುತ್ತಿದ್ದರೆ, ಒಂದೇ ಪ್ರಶ್ನೆ. ಕಿರಿಯರೆಲ್ಲ ಕೂತ ಆ ಕೋಣೆಯಲ್ಲಿ, ಆ ದಿನ ಇಳಿದದ್ದನ್ನು ತೋರಿಸುವಾಗ, ನಿಮ್ಮ ಅಂಗೈ ಎಷ್ಟು ಎತ್ತರದಲ್ಲಿ ಹಾರಿತು?