ಏಳನೇ ನಗ್ಗು

ಸುಳ್ಳು ಅಂತೀಯಾ? ಅನ್ನು, ಅನ್ನು. ನಿಮ್ಮಜ್ಜಿ ಐವತ್ತು ವರ್ಷದಿಂದ ಅಂತಿದ್ದಾಳೆ, ನಿಂದೂ ಒಂದು ಸೇರ್ಲಿ. ಆದ್ರೆ ಗಾಳಿಯಣ್ಣ ಟ್ರಂಪೆಟ್ ಊದಿದ್ರೆ ಎದುರು ಮನೆ ತಂತಿ ಮೇಲಿದ್ದ ಒದ್ದೆ ಬಟ್ಟೆ ಒಣಗ್ತಿತ್ತು. ಒಂದ್ಸಲ ಯಾರದೋ ಅಂಗಿಗೆ ಇಸ್ತ್ರಿನೂ ಆಗಿತ್ತು. ಸರಿ, ಇಸ್ತ್ರಿ ಬಿಡು. ಒಣಗಿದ್ದು ನಿಜ.

ಗಾಳಿಯಣ್ಣ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾವಿಟ್ಟಿದ್ದು. ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ಹಾಕೋ ಕೆಲಸ ಅವನದು. ಮೀಟರ್ ನೋಡ್ತಾನೇ ಇರಲಿಲ್ಲ, ಟೈರಿಗೊಂದು ಒದೆ ಕೊಟ್ಟು, ಸದ್ದು ಕೇಳಿ, "ಇನ್ನೆರಡು ಉಸಿರು ಬೇಕು" ಅಂತಿದ್ದ. ಡಿಪೋಗೆ ಒಂದು ಬ್ಯಾಂಡ್ ಇತ್ತು. ಹಗಲೆಲ್ಲ ಟೈರಿಗೆ ಊದೋನು, ಸಂಜೆ ಟ್ರಂಪೆಟ್ಟಿಗೆ ಊದೋನು. "ನಿನ್ನ ಹೊಟ್ಟೇಲಿ ಕರುಳಿದೆಯೋ ಬರೀ ಟ್ಯೂಬಿದೆಯೋ?" ಅಂತ ಕೇಳ್ತಿದ್ದೆ. "ಪಂಕ್ಚರ್ ಆದಾಗ ನಿನಗೇ ಗೊತ್ತಾಗುತ್ತೆ ಬಿಡೋ" ಅಂತಿದ್ದ.

ನನ್ನ ಅಂಗಡಿ ನೀನು ನೋಡಿಲ್ಲ. ಡಿಪೋ ಗೋಡೆಗೆ ಅಂಟಿಕೊಂಡಿದ್ದ ಒಂದು ಗೂಡು. ಒಳಗೆ ನಾನು ನಿಂತರೆ ಗಿರಾಕಿ ಹೊರಗೆ ನಿಲ್ಲಬೇಕು. ಬ್ಯಾಂಡಿನೋರ ಹಿತ್ತಾಳೆ ವಾದ್ಯ ಎಲ್ಲ ನನ್ನ ಹತ್ರಾನೇ ಬರ್ತಿದ್ದವು. ಸಿಕ್ಕಿಕೊಂಡ ಒತ್ತುಗುಂಡಿ ಬಿಡಿಸೋದು, ಬಿರುಕಿಗೆ ಬೆಸುಗೆ ಹಾಕೋದು, ನಗ್ಗು ತೆಗೆಯೋದು. ನಗ್ಗು ತೆಗೆಯಕ್ಕೆ ಸುತ್ತಿಗೇಲಿ ಬಡೀತಾರೆ ಅಂದ್ಕೊಂಡಿದ್ದೀಯಾ? ಹಾಗೆ ಬಡಿಯೋನು ಕೊಡಪಾನದ ಅಂಗಡಿ ಇಡಬೇಕು. ನಯಮಾಡಿದ ಕಬ್ಬಿಣದ ಗೂಟಕ್ಕೆ ವಾದ್ಯದ ಬಾಯಿ ಸಿಕ್ಕಿಸಿ, ಮೇಲಿಂದ ಉಕ್ಕಿನ ಕಡ್ಡೀಲಿ ಉಜ್ಜಬೇಕು. ಕೆನ್ನೆ ಸವರಿದ ಹಾಗೆ. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತೆ, ಎಲ್ಲಿ ತಗ್ಗು, ಎಲ್ಲಿ ಉಬ್ಬು ಅಂತ. ವರ್ಷ ಕಳೆದ ಹಾಗೆ ಆ ಬೆರಳು ನಮ್ಮ ಮಾತೇ ಕೇಳಲ್ಲ, ತಾನೇ ಕೆಲಸ ಮಾಡ್ಕೊಂಡು ಹೋಗುತ್ತೆ. ನಿಮ್ಮಜ್ಜಿ ಮದುವೇಲಿ ತಂದ ತಂಬಿಗೆ ನಗ್ಗಿತ್ತು, ಮಾತಾಡ್ತಾ ಮಾತಾಡ್ತಾನೇ ಸರಿ ಮಾಡಿಬಿಟ್ಟಿದ್ದೆ.

ಗಾಳಿಯಣ್ಣನಿಗೆ ಒಬ್ಬಳೇ ಮಗಳು. ಮೂರು ವರ್ಷದ ಚೋಟು, ಎಡಗೈಯವಳು. ಒಂದಿನ ಮಧ್ಯಾಹ್ನ ಅವನು ನಿದ್ದೆ ಹೊಡೀತಿದ್ದಾಗ ಅಡುಗೆಮನೆಯಿಂದ ಸೌಟು ತಂದು ಟ್ರಂಪೆಟ್ಟಿಗೆ ಬಾರಿಸಿದಳು. ಅಪ್ಪ ಊದ್ತಾನೆ, ತಾನು ಬಡೀತೀನಿ ಅಂತ ಇರಬೇಕು. ಏಳು ನಗ್ಗು. ಬಾಯಿ ಅಗಲ ಆಗೋ ಕಡೆ ಆರು, ಹಿಂದೆ ಸಣ್ಣದಾಗೋ ಕಡೆ ಒಂದು. ಮಾರನೇ ದಿನ ಅವನು ನಗ್ತಾ ತಂದು ತೋರಿಸಿದ. "ನೋಡೋ, ನಿನಗೆ ಗಿರಾಕಿ ಹುಟ್ಟಿದ್ದಾಳೆ!" "ಇವತ್ತು ಆಗಲ್ಲ, ನಾಳೆ ಬಾ" ಅಂದೆ. ಆ ನಾಳೆ ಬರಲಿಲ್ಲ. ಮಗೂಗೆ ಜ್ವರ ಬಂತು. ಹನ್ನೊಂದು ದಿನ. ಅಷ್ಟೇ.

ಆಮೇಲೆ ಇಪ್ಪತ್ತೆರಡು ವರ್ಷ ಅವನು ಆ ಟ್ರಂಪೆಟ್ ನನ್ನ ಕೈಗೆ ಕೊಡುವಾಗೆಲ್ಲ ಒಂದೇ ಮಾತು. "ಗುಂಡಿ ನೋಡು. ಮಿಕ್ಕಿದ್ದು ಮುಟ್ಟಬೇಡ." ನಾನು ಮುಟ್ಟಲಿಲ್ಲ. ಸ್ವರ ಕೆಟ್ಟಿರಲಿಲ್ಲವಲ್ಲ. ಊದೋಕೆ ಮುಂಚೆ ಹಿಂದಿನ ಆ ಸಣ್ಣ ನಗ್ಗಿನ ಮೇಲೆ ಹೆಬ್ಬೆರಳು ಒಂದ್ಸಲ ಸವರೋನು. ನೋಡಿದೋರು ಧೂಳು ಒರೆಸ್ತಾನೆ ಅಂದ್ಕೋತಿದ್ರು.

ಕೊನೆಗೆ ಪಂಕ್ಚರ್ ಆಯ್ತು. ಎದೆ ಕೈಕೊಡ್ತು. ನಾಲ್ಕು ಮೆಟ್ಟಿಲು ಹತ್ತಿದ್ರೆ ಐದನೇದಕ್ಕೆ ಕೂತುಬಿಡೋನು. ಕೆಲಸ ಬಿಡಿಸಿದ್ರು, ಡಿಪೋ ಸ್ವತ್ತು ವಾಪಸ್ ಕೊಡು ಅಂದ್ರು. ಸ್ಟೋರ್ ಕೀಪರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಟ್ರಂಪೆಟ್ ನೋಡಿ, "ಇಷ್ಟು ನಗ್ಗಿರೋದನ್ನ ದಾಸ್ತಾನಿಗೆ ತಗೊಳ್ಳಲ್ಲ. ಹೀಗೇ ಕೊಟ್ರೆ ಗುಜರಿಗೆ, ಹಳೇ ರೇಡಿಯೇಟರ್ ಜೊತೆ ಕರಗುತ್ತೆ. ಸರಿ ಮಾಡಿಸಿ ಕೊಟ್ರೆ ಮುಂದಿನೋರು ಊದ್ತಾರೆ" ಅಂದ. ಕೊಂಡ್ಕೋಬಹುದಿತ್ತಲ್ಲ ಅಂತೀಯಾ? ಕೇಳಿದ್ದ. ನಂಬರ್ ಕೆತ್ತಿರೋದನ್ನ ಮಾರೋ ಹಾಗಿಲ್ಲವಂತೆ.

ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಅವನಿಗೆ ಸ್ಟೂಲ್ ಕೊಟ್ಟೆ, ಅತ್ತಿಗೆ ಬಾಗಿಲಿಗೆ ಒರಗಿ ನಿಂತರು. ಟ್ರಂಪೆಟ್ ಮೇಜಿನ ಮೇಲಿತ್ತು.

"ತೆಗೆದುಬಿಡಿ" ಅಂದ್ರು ಅತ್ತಿಗೆ.

"ಬೇಡ" ಅಂದ ಇವನು.

"ಕರಗಿಸಿಬಿಟ್ರೆ ಏನುಳಿಯುತ್ತೆ ರೀ? ಯಾರಾದ್ರೂ ಊದ್ಲಿ. ಮನೇಲಿ ಕೂತು ಕೇಳೋಕಾದ್ರೂ ಇರ್ಲಿ."

"ನಗ್ಗು ತೆಗೆದರೆ ಅದು ಬೇರೆ ಯಾರದೋ ಟ್ರಂಪೆಟ್ ಕಣೇ."

"ನಿಮಗೆ ನಗ್ಗಾದ್ರೂ ಸಿಕ್ತು. ನನಗೇನಿದೆ? ಆ ಸೌಟಲ್ಲೇ ದಿನಾ ಸಾರು ಬಡಿಸ್ತಿದ್ದೀನಿ."

ಅವನು ತಲೆ ಎತ್ತಲಿಲ್ಲ. ನಾನು ಟ್ರಂಪೆಟ್ ತಿರುಗಿಸಿ ನೋಡಿದೆ. ಹಿಂದಿನ ಆ ಸಣ್ಣ ನಗ್ಗು ಪಕ್ಕದ ಕೊಳವೆಯ ಮರೆಯಲ್ಲಿತ್ತು. "ಆರು ತೆಗೀತೀನಿ, ಏಳನೇದು ಬಿಡ್ತೀನಿ. ಆ ಮೂಗಿನ ತುದಿ ಕನ್ನಡಕಕ್ಕೆ ಇದು ಕಾಣಲ್ಲ" ಅಂದೆ. ಅವನು "ಬಿಡ್ತೀಯಾ? ಆಣೆ?" ಅಂದ. "ಆಣೆ ಕಣೋ" ಅಂದೆ.

ಮಾರನೇ ದಿನ ಬೆಳಗ್ಗೆ ಕೂತೆ. ಹಿತ್ತಾಳೆ ತಿಕ್ಕಿ ತಿಕ್ಕಿ ತೆಳ್ಳಗಾಗಿತ್ತು, ಉಸಿರು ಬಿಗಿಹಿಡಿದು ಒಂದೊಂದಾಗಿ ಎಬ್ಬಿಸಿದೆ. ಐದು ಆಯ್ತು. ಅಷ್ಟರಲ್ಲಿ ಪಕ್ಕದ ಗಡಿಯಾರ ರಿಪೇರಿಯವನು ಟೀ ಹಿಡ್ಕೊಂಡು ಬಂದ. "ಏನಪ್ಪಾ, ಇವತ್ತು ರೈಲು ಬಿಡಲ್ವಾ?" ಅಂದ. ಅಷ್ಟು ಸಾಕಿತ್ತು ನನಗೆ. ಬ್ಯಾಂಡಿನ ದೊಡ್ಡ ಕೊಳವೆ ವಾದ್ಯದೊಳಗೆ ಬೆಕ್ಕು ಮರಿ ಹಾಕಿತ್ತು, ಗಾಳಿಯಣ್ಣ ಊದಿದಾಗ ಐದು ಮರಿ ಸಾಲಾಗಿ ಹಾರಿ ಬಂದು ಮ್ಯಾನೇಜರ್ ಮಡಿಲಿಗೆ ಬಿದ್ದವು ಅಂತ ಶುರು ಮಾಡಿದೆ. ಅವನು ಟೀ ಉಗುಳಿಕೊಂಡು ನಕ್ಕ. ನಾನೂ ನಕ್ಕೆ. ನಕ್ಕು ಮುಗಿಸಿ ಕೆಳಗೆ ನೋಡ್ತೀನಿ, ಕನ್ನಡಿ ಥರ ಹೊಳೀತಿದೆ. ಆರನೇದು ಇಲ್ಲ. ಏಳನೇದೂ ಇಲ್ಲ.

ಬೆರಳಾಡಿಸಿದೆ. ನುಣುಪು. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ.

ಗಡಿಯಾರದವನು ಹೋದ. ನಾನು ಮನೆಗೆ ಬಂದು ನಿಮ್ಮಜ್ಜಿ ಅಡುಗೆಮನೆಯಿಂದ ಸೌಟು ತಗೊಂಡು ಹೋದೆ. ಅವಳಿಗೆ ಗೊತ್ತಿಲ್ಲ. ಅಂಗಡಿ ಬಾಗಿಲು ಹಾಕಿ, ಅದೇ ಜಾಗ ಹುಡುಕಿ, ಒಂದೇ ಒಂದು ಏಟು. ನಗ್ಗು ತೆಗೆಯೋನು ನಗ್ಗು ಮಾಡಿದ್ದು ಅದೊಂದೇ ಸಲ.

ಸಂಜೆ ಗಾಳಿಯಣ್ಣ ಬಂದ. ಟ್ರಂಪೆಟ್ ತೊಡೆ ಮೇಲಿಟ್ಟುಕೊಂಡು ಹೆಬ್ಬೆರಳು ಸವರಿದ. ಇನ್ನೊಂದ್ಸಲ ಸವರಿದ.

"ಸ್ವಲ್ಪ ಆಕಡೆ ತಿರುಗಿದೆ ಅಲ್ವೇನೋ?"

ಆಗ ಹೊಳೀತು. ಅವನ ಮಗಳು ಎಡಗೈಯವಳು. ನಾನು ಹೊಡೆದದ್ದು ಬಲಗೈಯಲ್ಲಿ.

"ಔಷಧಿ ತಿಂದು ನಿನ್ನ ಬೆರಳು ಬಾತಿದೆ, ಅದಕ್ಕೆ ಹಾಗನ್ಸುತ್ತೆ" ಅಂದೆ.

ನನ್ನ ಮುಖಾನೇ ನೋಡಿದ. "ಇರಬಹುದು" ಅಂದ. ಎದ್ದು, ನನ್ನ ಹೆಗಲ ಮೇಲೆ ಕೈಯಿಟ್ಟು, ಉಸಿರು ಬರೋವರೆಗೂ ನಿಂತಿದ್ದು ಹೋದ. ಸ್ಟೋರ್ ಕೀಪರ್ ತಗೊಂಡ, ಸಹಿ ಹಾಕಿಸಿಕೊಂಡ. ಮೂರು ತಿಂಗಳಿಗೆ ಗಾಳಿಯಣ್ಣ ಹೋಗಿಬಿಟ್ಟ. ಗೊತ್ತಾಗಿತ್ತೋ ಇಲ್ಲವೋ, ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ಈಗ ಅದನ್ನ ಒಬ್ಬಳು ಕಂಡಕ್ಟರ್ ಹುಡುಗಿ ಊದ್ತಾಳೆ. ಶನಿವಾರ ಬ್ಯಾಂಡಿನೋರು ಅಭ್ಯಾಸ ಮಾಡುವಾಗ ಅತ್ತಿಗೆ ಹೋಗಿ ಗೇಟಿನ ಹತ್ರ ಕೂರ್ತಾರೆ. ಮುಗಿದ ಮೇಲೆ ಆ ಹುಡುಗಿ ಟ್ರಂಪೆಟ್ ತಂದು ಅವರ ಮಡಿಲಲ್ಲಿಡ್ತಾಳೆ. ಸೆರಗಿನ ತುದಿಯಲ್ಲಿ ಒರೆಸಿ, ಕೊಳವೆ ಮರೆಗೆ ಬೆರಳು ಹಾಕಿ, ಸವರ್ತಾ ಕೂರ್ತಾರೆ. "ಇದು ನನ್ನ ಮಗಳದು" ಅಂತ ಆ ಹುಡುಗಿಗೆ ಹೇಳಿದ್ರು, ನನ್ನ ಎದುರಿಗೇ. "ಇವರೇ ಉಳಿಸಿಕೊಟ್ಟಿದ್ದು" ಅಂದ್ರು. ನಾನು ಏನೋ ಬೆಕ್ಕಿನ ಮರಿ ಕಥೆ ಶುರು ಮಾಡಿದೆ.

ನನ್ನ ಬೆಕ್ಕು, ಇಸ್ತ್ರಿ ಆದ ಅಂಗಿ, ಯಾವುದನ್ನೂ ನೀನು ನಂಬಲ್ಲ. ಇದನ್ನೂ ನಂಬಬೇಡ. ಹೋದ ಶನಿವಾರ ಹೇಳಿಬಿಡೋಣ ಅಂತಾನೇ ಗೇಟಿನವರೆಗೂ ಹೋಗಿದ್ದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ರು, ಬೆರಳು ಅಲ್ಲೇ ಇತ್ತು...

ಕೇಳಿಸ್ತಾ? ನಿಮ್ಮಜ್ಜಿ. ಊಟಕ್ಕೆ ಬಾ ಅಂತ ಬಾಯಲ್ಲಿ ಕರೆಯಲ್ಲ ಅವಳು, ಪಾತ್ರೆ ಬಡೀತಾಳೆ.

ಬಂದೆ ಕಣೇ, ಬಂದೆ! ಆ ಸೌಟು ಕೆಳಗಿಡು ಮೊದಲು.