ನೊರ್ಜ್ಮಾ ಮುಚ್ಚಿದ ಗುಂಡಿ

ನೊರ್ಜ್ಮಾಗೆ ಆರು ವರ್ಷವಿದ್ದಾಗ ರಷ್ಯದಿಂದ ಇಬ್ಬರು ಎಂಜಿನಿಯರುಗಳು ಬಂದು ಮಂಗೋಲಿ ಹುಲ್ಲುಗಾವಲಿನಲ್ಲಿದ್ದ ಅವಳ ಮನೆಯವರ ಚಳಿಗಾಲದ ಬಿಡಾರದ ಹತ್ತಿರ ಕೊಳವೆಬಾವಿ ಕೊರೆದರು. ನೀರು ಚಿಮ್ಮಿದ ದಿನ ಅವಳ ಅಪ್ಪ ಆ ಇಬ್ಬರನ್ನೂ ತಬ್ಬಿಕೊಂಡು ಮಕ್ಕಳ ಹಾಗೆ ಅತ್ತಿದ್ದ. ಇಪ್ಪತ್ತು ವರ್ಷ ನಡೆದ ಬಾವಿ ಅದು. ರಷ್ಯದವರು ದೇಶ ಬಿಟ್ಟು ಹೋದ ಮೇಲೆ ಪಂಪಿನ ಸಾಮಾನು ಸಿಗದೆ ಕೆಟ್ಟು ನಿಂತಿತು. ಆಮೇಲೆ ಇನ್ಯಾವುದೋ ದೇಶದವರು ಮೇಕೆಗಳಿಗೆ ಲಸಿಕೆ ಕೊಟ್ಟರು, ಮತ್ಯಾರೋ ಬಿಸಿಲಿನಿಂದ ದೀಪ ಉರಿಸುವ ಫಲಕ ಕೊಟ್ಟರು. ಹೀಗೆ ಹೊರಗಿನವರ ಕೈಯಿಂದ ಬಂದದ್ದನ್ನು ಇಸಕೊಳ್ಳುವುದು ನೊರ್ಜ್ಮಾಗೆ ಹೊಸದಲ್ಲ, ನಾಚಿಕೆಯದೂ ಅಲ್ಲ. ಬಂದವರಿಗೆ ಉಪ್ಪು ಹಾಕಿದ ಹಾಲು ಚಹಾ ಕೊಡುತ್ತಿದ್ದಳು, ಒಣಗಿದ ಮೊಸರಿನ ಗಟ್ಟಿ ಕಟ್ಟಿ ಕಳಿಸುತ್ತಿದ್ದಳು. ಅಲ್ಲಿಗೆ ಲೆಕ್ಕ ಸರಿಹೋಯಿತು ಅಂದುಕೊಳ್ಳುತ್ತಿದ್ದಳು.

ಅವಳ ಗಂಡ ದಾಂಬಾ ಕುದುರೆಯ ಮನುಷ್ಯ. ಮಾತು ಕಮ್ಮಿ. ಮನುಷ್ಯರ ಜೊತೆ ಆಡದೆ ಉಳಿಸಿದ್ದನ್ನೆಲ್ಲ ಕುದುರೆಗಳ ಕಿವಿಯಲ್ಲಿ ಆಡುತ್ತಾನೆ ಎಂದು ನೊರ್ಜ್ಮಾ ಚುಡಾಯಿಸುತ್ತಿದ್ದಳು. ಅವನು ಮರಿಯಿಂದ ಬೆಳೆಸಿದ ಕೆಂಚು ಕುದುರೆ ಜಿಲ್ಲೆಯ ಓಟದಲ್ಲಿ ಎರಡು ಸಲ ಗೆದ್ದಿತ್ತು. ಒಬ್ಬಳೇ ಮಗಳು ಮದುವೆಯಾಗಿ ದಕ್ಷಿಣದ ಗಣಿಯೂರಿಗೆ ಹೋದಳು. ಇಬ್ಬರಿಗೂ ಸೇರಿ ಮುನ್ನೂರ ನಲವತ್ತು ತಲೆಯ ಮಂದೆ. ಅಷ್ಟಿದ್ದರೆ ಹುಲ್ಲುಗಾವಲಿನಲ್ಲಿ ಯಾರೂ ಬಡವರಲ್ಲ.

ಅಲ್ಲಿಯ ಪಂಚಾಂಗದ ಹುಲಿ ವರ್ಷದ ಚಳಿಗಾಲ ಅದೆಲ್ಲವನ್ನೂ ತಿಂದಿತು. ಬೇಸಿಗೆಯಲ್ಲೇ ಹುಲ್ಲು ಸೊರಗಿತ್ತು. ಡಿಸೆಂಬರಿನಲ್ಲಿ ಹಿಮ ಬಿತ್ತು, ಒಂದು ದಿನ ಕರಗಿತು, ಮರುದಿನವೇ ಕಲ್ಲಾಯಿತು. ಆ ಗಾಜಿನಂಥ ಪದರವನ್ನು ಕೆರೆದು ಕೆರೆದು ಕುರಿಗಳ ಗೊರಸಿನಲ್ಲಿ ರಕ್ತ ಬಂತು. ಇಂಥ ಸಾವಿನ ಚಳಿಗೆ ಅಲ್ಲಿಯ ಜನ ಜುದ್ ಅನ್ನುತ್ತಾರೆ. ಆ ಹೆಸರನ್ನು ಜೋರಾಗಿ ಹೇಳುವುದಿಲ್ಲ. ಕುರಿಗಳು ಒಂದರ ಬಾಲದ ಉಣ್ಣೆಯನ್ನು ಒಂದು ತಿಂದವು. ಸತ್ತವನ್ನು ದಾಂಬಾ ಕೊಟ್ಟಿಗೆಯ ಉತ್ತರಕ್ಕೆ ಒಂದರ ಮೇಲೊಂದು ಒಟ್ಟಿದ. ಬದುಕಿದ್ದವಕ್ಕೆ ಗಾಳಿ ತಡೆಯಲು ಅದೇ ಗೋಡೆಯಾಯಿತು. ಫೆಬ್ರವರಿಯ ಹೊತ್ತಿಗೆ ಗೋಡೆ ಅವನ ಎದೆಯೆತ್ತರ ಬಂದಿತ್ತು. ಕೊನೆಗೆ ಕೆಂಚು ಕುದುರೆ ನಿಂತಲ್ಲೇ ಮೊಣಕಾಲೂರಿತು. ದಾಂಬಾ ತನ್ನ ಕುರಿಚರ್ಮದ ನಿಲುವಂಗಿ ಬಿಚ್ಚಿ ಅದಕ್ಕೆ ಹೊದಿಸಿ ಮೂರು ದಿನ ಕಾದ. ನಾಲ್ಕನೆಯ ದಿನ ನಿಲುವಂಗಿಯನ್ನು ತೆಗೆದುಕೊಂಡು ಒಳಗೆ ಬಂದ.

ಮಾರ್ಚ್ ಕೊನೆಗೆ ಮಂದೆಯಲ್ಲಿ ಉಳಿದಿದ್ದು ಇಪ್ಪತ್ತಮೂರು. ಆಗ ಬಂತು ಹುಲ್ಲಿನ ಲಾರಿ. ಐದಾರು ದೇಶಗಳು ಸೇರಿ ಕಳಿಸಿದ್ದಂತೆ. ಊರ ಮುಖ್ಯಸ್ಥ ಯೋಂದೊನ್ ಲಾರಿಯ ಮೇಲೆ ನಿಂತು ಹೆಸರು ಕೂಗಿದ. ನೊರ್ಜ್ಮಾ ಪಾಲಿಗೆ ಎರಡು ಹೊರೆ.

"ಯಾವಾಗ ಹೊರಟಿತ್ತೋ ಇದು?" ಎಂದು ಅವಳು ಕೇಳಿದಳು.

"ಜನವರೀಲೇ ಮಂಜೂರಾಗಿತ್ತಕ್ಕಾ. ಕಾಗದಕ್ಕೆ ಒಂದು ತಿಂಗಳು, ರೈಲಿಗೆ ಒಂದು ತಿಂಗಳು, ದಾರಿಯ ಹಿಮಕ್ಕೆ ಒಂದು ತಿಂಗಳು."

"ಹಾಗಾದ್ರೆ ನಮ್ಮ ಕುರಿಗಳೇ ಆತುರ ಮಾಡಿದ್ವು ಅನ್ನು."

ಯೋಂದೊನ್ ತಲೆ ತಗ್ಗಿಸಿದ. ಅವನದೂ ನೂರಾ ಎಂಬತ್ತು ಹೋಗಿದ್ದವು.

ಏಪ್ರಿಲಿನಲ್ಲಿ ನೆಲ ಮೆತ್ತಗಾಗತೊಡಗಿತು. ಹೆಣಗಳು ಬಿಸಿಲಿಗೆ ಊದಿಕೊಂಡವು. ಹಳ್ಳದ ನೀರು ಕೆಟ್ಟು ಜನ ಕಾಯಿಲೆ ಬೀಳುತ್ತಾರೆಂದು ಒಂದು ಪರದೇಶದ ನೆರವಿನ ಸಂಸ್ಥೆ ಯೋಜನೆ ಹಾಕಿತು: ದನಗಾಹಿಗಳೇ ಹೆಣ ಹೂಳಬೇಕು, ಅದಕ್ಕೆ ಕೂಲಿ. ತಮ್ಮ ಕುರಿಯನ್ನು ತಾವೇ ಹೂಳಿ ಕೂಲಿ ಇಸಕೊಳ್ಳುವುದೇ ಎಂದು ಗಂಡಸರು ಉಗುಳಿದರು. ಎರಡು ವಾರ ಕಳೆದ ಮೇಲೆ ಹಿಟ್ಟು ಮುಗಿದ ಹದಿನಾಲ್ಕು ಮನೆಗಳಿಂದ ಒಬ್ಬೊಬ್ಬರಾಗಿ ಬಂದರು. ದಾಂಬಾ ಬರಲಿಲ್ಲ. ನೊರ್ಜ್ಮಾ ಬಂದಳು. ಕುರಿ ಮೇಕೆಗಳ ಕಿವಿ ಕೊಯ್ದು ಮಾಡಿದ ಯಾವ ಗುರುತು ಯಾರ ಮನೆಯದೆಂದು ಅವಳಿಗೆ ಗೊತ್ತಿದ್ದುದರಿಂದ ಅವಳನ್ನೇ ತಂಡದ ಮುಖ್ಯಸ್ಥೆ ಮಾಡಿದರು.

ಪಟ್ಟಣದಿಂದ ಬಿಳಿಯ ಮೇಲಂಗಿ, ಕೈಗವಸು, ಮೂಗುಪಟ್ಟಿ ಬಂದವು. ಯೋಂದೊನ್ ಹೊಟ್ಟೆಗೆ ಮೇಲಂಗಿ ಸಾಲದೆ ಬಟನ್ ಹಾಕಲಾಗಲಿಲ್ಲ.

"ಊರೆಲ್ಲ ಬಡಕಲಾಯ್ತು, ನೀನೊಬ್ಬ ಮಾತ್ರ ಹೇಗೋ ಉಳ್ಕೊಂಡೆ," ಎಂದಳು ನೊರ್ಜ್ಮಾ.

"ಇದು ಗಾಳಿ ಅಕ್ಕಾ, ಬರೀ ಗಾಳಿ," ಎಂದ ಅವನು. ತಿಂಗಳುಗಳ ಮೇಲೆ ಅಂದು ಜನ ನಕ್ಕರು.

ನಗು ಹೆಣ ಹೂಳುವ ಗುಂಡಿಯ ಬಳಿಗೆ ಬರಲಿಲ್ಲ. ಇಬ್ಬಿಬ್ಬರು ಕಾಲು ಹಿಡಿದು ಎಳೆದರೆ ಚರ್ಮವೇ ಕಿತ್ತು ಬರುತ್ತಿತ್ತು. ಲಾರಿಗೆ ಎಸೆಯುವ ಮೊದಲು ನೊರ್ಜ್ಮಾ ಕಿವಿ ನೋಡಿ ಮನೆಯ ಹೆಸರು ಹೇಳುತ್ತಿದ್ದಳು. ಆ ಮನೆಯವರು ಒಂದು ಕ್ಷಣ ಮುಖ ತಿರುಗಿಸುತ್ತಿದ್ದರು. ಗುಂಡಿಗೆ ಒಂದು ಪದರ ಹೆಣ, ಒಂದು ಪದರ ಸುಣ್ಣ. ಒಂಬತ್ತನೆಯ ದಿನ ಲಾರಿ ಅವಳ ಬಿಡಾರಕ್ಕೇ ಬಂತು.

ದಾಂಬಾ ಕೆಂಚು ಕುದುರೆಯ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಚಾಕು, ತೋಳಿನ ಮೇಲೆ ನೀಲಿ ರೇಷ್ಮೆಯ ವಸ್ತ್ರ.

"ಕುರಿ, ಮೇಕೆ ಎಲ್ಲ ಒಯ್ಯಿರಿ. ಇದರ ಮೈಯನ್ನೂ ಒಯ್ಯಿರಿ. ತಲೆ ಮಾತ್ರ ಬೆಟ್ಟಕ್ಕೆ," ಎಂದ.

ಅದರಲ್ಲಿ ಹೊಸದೇನಿರಲಿಲ್ಲ. ಓಟ ಗೆದ್ದ ಕುದುರೆಯ ತಲೆಗೆ ನೀಲಿ ರೇಷ್ಮೆ ಸುತ್ತಿ ಬೆಟ್ಟದ ತುದಿಯ ಪೂಜೆಯ ಕಲ್ಲುಗುಪ್ಪೆಯ ಮೇಲೆ, ಗಾಳಿಗೆ ಮುಖವಾಗಿ ಇಡುತ್ತಾರೆ. ನೆಲದೊಳಗೆ ಹಾಕುವುದಿಲ್ಲ. ಅವನ ಅಪ್ಪನ ಕುದುರೆಯ ತಲೆಯೂ ಅಲ್ಲೇ ಇತ್ತು. ಆದರೆ ಸಂಸ್ಥೆಯ ನಿಯಮ ಒಂದೇ ಸಾಲಿನದು: ಹೆಣವನ್ನು ಇಡಿಯಾಗಿ ಹೂಳಬೇಕು, ಯಾವ ಭಾಗವೂ ಹೊರಗಿರಕೂಡದು.

ಸಂಸ್ಥೆಯ ಹೆಂಗಸು ಮರೀಕೆ ಅಂದು ಗುಂಡಿ ನೋಡಲು ಬಂದು ಲಾರಿಯ ಜೊತೆಗೇ ಇದ್ದಳು. ಎತ್ತರದ ಆಳು, ಬಿಸಿಲಿಗೆ ಮೂಗು ಸುಲಿದಿತ್ತು. ಅವಳ ಮಾತನ್ನು ಮಂಗೋಲಿ ಭಾಷೆಗೆ ಹೇಳುವವಳು ಸೋಲೊಂಗೊ ಎಂಬ ಪಟ್ಟಣದ ಹುಡುಗಿ. ನೊರ್ಜ್ಮಾ ಇಬ್ಬರ ಮುಂದೆಯೂ ವಿಷಯ ಇಟ್ಟಳು. ಮರೀಕೆ ಪೂರಾ ಕೇಳಿದಳು, ಮಧ್ಯೆ ಬಾಯಿ ಹಾಕಲಿಲ್ಲ.

"ದೊಡ್ಡಮ್ಮಾ, ಇವರು ಹೇಳ್ತಿದಾರೆ, ಇವರಿಗೆ ಅರ್ಥವಾಗುತ್ತಂತೆ," ಎಂದಳು ಸೋಲೊಂಗೊ. "ಆದ್ರೆ ರೋಗದ ವಿಷಯ, ತಾವೊಬ್ಬರೇ ಹೂಂ ಅನ್ನೋ ಹಾಗಿಲ್ಲವಂತೆ. ಮೇಲಿನವರನ್ನ ಕೇಳ್ತಾರಂತೆ. ಒಂದು ವಾರ ಹಿಡಿಯುತ್ತೆ."

"ಒಂದು ವಾರ ಈ ಹೆಣ ಇಲ್ಲೇ ಇರಲಾ?"

ಮರೀಕೆ ಕುದುರೆಯ ಊದಿದ ಹೊಟ್ಟೆ ನೋಡಿದಳು, ಕೆಳಗಿನ ಹಳ್ಳ ನೋಡಿದಳು, ತಲೆ ಅಲ್ಲಾಡಿಸಿದಳು.

ಯೋಂದೊನ್ ನೊರ್ಜ್ಮಾಳನ್ನು ಪಕ್ಕಕ್ಕೆ ಕರೆದ. "ಅಕ್ಕಾ, ನಾಳೆ ಕೂಲಿಯ ಎರಡನೇ ಕಂತಿಗೆ ಇವಳು ಸಹಿ ಹಾಕ್ಬೇಕು. ನಿಯಮ ಮುರಿದ್ರು ಅಂತ ಬರೆದ್ರೆ ಹದಿನಾಲ್ಕು ಮನೆಗೂ ಖೋತಾ. ದಾಂಬಾಗೆ ನೀನೇ ಹೇಳು. ನನ್ನ ಮಾತು ಅವನು ಕೇಳಲ್ಲ."

ನೊರ್ಜ್ಮಾ ತಂಡದ ಕಡೆ ನೋಡಿದಳು. ಬಿಳಿ ಮೇಲಂಗಿಯ ಜನ ಲಾರಿಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದರು. ಅವಳು ಗಂಡನ ಹತ್ತಿರ ಹೋಗಿ ಕೈ ಚಾಚಿದಳು.

"ಚಾಕು ಕೊಡು."

"ನೀನೂನಾ?"

"ಇಷ್ಟು ಮನೆಯ ಹಿಟ್ಟು ಇದರ ಮೇಲಿದೆ. ಕೊಡು."

ದಾಂಬಾ ಚಾಕು ಕೊಟ್ಟ. ರೇಷ್ಮೆಯ ವಸ್ತ್ರವನ್ನು ಮಡಚಿ ಎದೆಯೊಳಗೆ ಇಟ್ಟುಕೊಂಡು ಗುಡಾರದ ಒಳಗೆ ಹೋದ. ಕುದುರೆಯ ಮುಂಗಾಲನ್ನು ನೊರ್ಜ್ಮಾಳೇ ಹಿಡಿದಳು; ಬೇರೆಯವರಿಗೆ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಗುಂಡಿ ಮುಚ್ಚಿತು.

ಆರು ದಿನ ಕಳೆದ ಮೇಲೆ ಸೋಲೊಂಗೊ ಜೀಪಿನಲ್ಲಿ ಒಬ್ಬಳೇ ಬಂದಳು.

"ದೊಡ್ಡಮ್ಮಾ, ಉತ್ತರ ಬಂತು. ಕುದುರೆ ತಲೆ ಬೇಕಿದ್ರೆ ತೆಗೀಬಹುದಂತೆ, ಸುಣ್ಣದ ನೀರಲ್ಲಿ ತೊಳೆದ್ರೆ ಸಾಕಂತೆ. ಮರೀಕೆ ನಿಮಗಾಗಿ ತುಂಬ ಜಗಳ ಆಡಿದ್ರು. ಮುಂದಿನ ಗುಂಡಿಗಳಿಗೆಲ್ಲ ಇದೇ ನಿಯಮ."

"ಮುಂದಿನ ಗುಂಡಿಗಳಿಗೆ," ಎಂದಳು ನೊರ್ಜ್ಮಾ. "ಅವರಿಗೆ ನನ್ನ ನಮಸ್ಕಾರ ಹೇಳು ಮಗಳೇ. ಬಾ, ಚಹಾ ಕುಡಿ."

ದಾಂಬಾ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ. ಜೀಪು ಮರೆಯಾದ ಮೇಲೆ ಸನಿಕೆ ತೆಗೆದುಕೊಂಡು ಹೊರಟ. ನೊರ್ಜ್ಮಾ ಏನೂ ಕೇಳದೆ ಇನ್ನೊಂದು ಸನಿಕೆ ಹಿಡಿದು ಹಿಂದೆಯೇ ನಡೆದಳು. ಮಧ್ಯಾಹ್ನದವರೆಗೆ ಇಬ್ಬರೂ ಅಗೆದರು. ಮೊದಲು ಸುಣ್ಣ ಬಂತು, ಕಣ್ಣು ಸುಟ್ಟಿತು. ಆಮೇಲೆ ಬಂದಿದ್ದು ಯೋಂದೊನ್ ಮನೆಯ ಮೇಕೆಗಳು, ಅದರ ಕೆಳಗೆ ಯಾರದೆಂದು ಹೇಳಲಾಗದ ಉಣ್ಣೆ, ಮಾಂಸ, ಎಲುಬು. ಕೆಂಚು ಕುದುರೆ ಯಾವ ಮೂಲೆಯಲ್ಲಿತ್ತೋ. ಗುಂಡಿಯಲ್ಲಿ ಆರುನೂರು ಹೆಣ. ದಾಂಬಾ ಬಗ್ಗಿ ವಾಂತಿ ಮಾಡಿದ. ಆಮೇಲೆ ಬಾಯಿ ಒರೆಸಿಕೊಂಡು ಮಣ್ಣನ್ನು ವಾಪಸ್ಸು ಎಳೆಯತೊಡಗಿದ.

"ಬಿಡು, ನಾನು ಮುಚ್ತೀನಿ," ಎಂದಳು ನೊರ್ಜ್ಮಾ.

"ಮುಚ್ಚು," ಎಂದ ದಾಂಬಾ. "ನಿನಗೆ ರೂಢಿಯಾಗಿದೆ."

ಆ ಮಾತು ಅವಳಲ್ಲಿ ನಾಟಿಕೊಂಡಿತು. ಅವನಿಗೂ ನಾಟಿರಬೇಕು, ಸನಿಕೆ ಕೆಳಗಿಡದೆ ಅವಳ ಜೊತೆಗೇ ಕೊನೆಯವರೆಗೂ ಮುಚ್ಚಿದ.

ಮರುವರ್ಷ ಅದೇ ಸಂಸ್ಥೆ ಮನೆಗೆ ಮೂವತ್ತು ಮೇಕೆ ಕೊಟ್ಟಿತು. ಒಳ್ಳೆಯ ತಳಿ. ನೊರ್ಜ್ಮಾ ಹಾಲು ಕರೆದಳು, ಮರಿ ಮಾಡಿಸಿದಳು. ದಾಂಬಾ ಅವನ್ನು ಬೈಯಲೂ ಇಲ್ಲ, ಮುಟ್ಟಲೂ ಇಲ್ಲ. ಕುದುರೆ ಇಲ್ಲದ ಬಿಡಾರದಲ್ಲಿ ಅವನ ಕೈಗೆ ಕೆಲಸವಿರಲಿಲ್ಲ. ಶರತ್ಕಾಲದಲ್ಲಿ ಮಗಳ ಊರಿಗೆ ಹೊರಟ.

"ಗಣೀಲಿ ಕಾವಲುಗಾರ ಬೇಕಂತೆ. ಚಳಿ ಮುಗಿದ ಮೇಲೆ ಬರ್ತೀನಿ."

"ಉಣ್ಣೆಯ ಬೂಟು ತಗೊಂಡು ಹೋಗು," ಎಂದಳು ಅವಳು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ.

ಎರಡು ವಸಂತ ಕಳೆದರೂ ಅವನು ಬರಲಿಲ್ಲ. ಮೂರನೆಯ ಚಳಿಗಾಲದಲ್ಲಿ ಮಗಳು ಫೋನ್ ಮಾಡಿದಳು: ಕಾವಲು ಗೂಡಿನ ಒಲೆಯ ಹೊಗೆ ತಲೆಗೇರಿ ಅಪ್ಪ ಮಲಗಿದಲ್ಲೇ ಹೋದ. ನೊರ್ಜ್ಮಾ ಎರಡು ದಿನ ಬಸ್ಸಿನಲ್ಲಿ ಕುಳಿತು ಹೋಗಿ ಮಣ್ಣು ಮಾಡಿ ಬಂದಳು. ಅವನ ಸಾಮಾನಿನಲ್ಲಿ ಓಟದ ಪದಕ ಎರಡೂ ಇದ್ದವು. ಅವನ್ನು ಮಗಳಿಗೇ ಬಿಟ್ಟಳು.

ಹೋದ ಬೇಸಿಗೆಯಲ್ಲಿ ಬೇರೊಂದು ಸಂಸ್ಥೆಯ ಹುಡುಗಿ ಪ್ರಶ್ನೆಗಳ ಕಟ್ಟು ಹಿಡಿದು ಬಂದಿದ್ದಳು. ಆ ಜುದ್ ಕಾಲದ ನೆರವಿನಿಂದ ಉಪಯೋಗವಾಯಿತೇ ಎಂದು ಕೇಳಿದಳು.

"ಆಯ್ತು," ಎಂದಳು ನೊರ್ಜ್ಮಾ. "ಅದಿಲ್ಲದಿದ್ರೆ ಈ ಕಣಿವೇಲಿ ನಾಲ್ಕು ಮನೆಯೂ ಉಳೀತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಾಗೇ ಬರ್ಕೋ."

"ಏನಾದ್ರೂ ದೂರು ಇದೆಯಾ ಅಮ್ಮಾ?"

"ಹುಲ್ಲು ಕಳಿಸೋದಾದ್ರೆ ಹಿಮ ಬೀಳೋ ಮೊದಲು ಕಳಿಸಿ. ಮತ್ತೆ, ಇಲ್ಲಿಗೆ ಬಂದು ನಿಂತವರಿಗೆ ಹೂಂ, ಉಹೂಂ ಅನ್ನೋ ಅಧಿಕಾರ ಕೊಟ್ಟು ಕಳಿಸಿ."

ಹುಡುಗಿ ಎರಡನ್ನೂ ಬರೆದುಕೊಂಡಳು. "ಮನೆ ಯಜಮಾನರ ಹೆಸರು?"

"ನಂದೇ ಬರಿ," ಎಂದು ಹೇಳಿ ನೊರ್ಜ್ಮಾ ಪಾತ್ರೆ ಎತ್ತಿಕೊಂಡು ಹಾಲು ಕರೆಯಲು ಹೋದಳು. ಮೇಕೆಗಳು ಆಗಲೇ ಬಾಗಿಲಿಗೆ ಬಂದು ಕೂಗುತ್ತಿದ್ದವು.